ಕತ್ತಿನ ಹಿಂದಿನ ಕಪ್ಪು ಗೆರೆ

"ಉಸಿರು ಬಿಡ್ಬೇಡಿ ಮೇಷ್ಟ್ರೇ, ಕಾಗದ ಅಲುಗಾಡುತ್ತೆ."

ಮೇಷ್ಟರು ಉಸಿರು ಬಿಗಿಹಿಡಿದರು.

ಊಟದ ಮೇಜಿನ ಮೇಲೆ ಎರಡು ಸ್ಕ್ಯಾನ್ ಚಿತ್ರಗಳಿದ್ದವು. ಆ ಮನೆಯ ಸೊಸೆ ಮಿಲಿಮೀಟರಿನ ಹತ್ತನೆಯ ಭಾಗವನ್ನೂ ಅಳೆಯುವ ಉಕ್ಕಿನ ವರ್ನಿಯರನ್ನು ಮೊದಲನೆಯದರ ಮೇಲಿಟ್ಟು, ಹೆಬ್ಬೆರಳಿನಿಂದ ಅದರ ದವಡೆಯನ್ನು ಕೂದಲೆಳೆಯಷ್ಟು ಸರಿಸಿದಳು. ಬೇರಿಂಗ್ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಅವಳದು ಒಂಬತ್ತು ವರ್ಷದ ಕೆಲಸ. ಜೊತೆಯವರು ಇಟ್ಟ ಹೆಸರು ವರ್ನಿಯರಕ್ಕ. ಈಗ ಅವಳು ಬಸುರಿ; ಹದಿಮೂರು ವಾರ, ನಾಲ್ಕು ದಿನ.

"ಚಿತ್ರದ ಪಕ್ಕ ಗೀಟುಗಳಿವೆ ನೋಡಿ, ಅದು ಅಳತೆಪಟ್ಟಿ. ಅದರ ಒಂದು ಸೆಂಟಿಮೀಟರು ಕಾಗದದ ಮೇಲೆ ಎರಡೂವರೆ ಆಗಿದೆ. ಈ ಕಪ್ಪು ಗೆರೆ ಕಾಗದದ ಮೇಲೆ ಒಂಬತ್ತೂವರೆ ಮಿಲಿಮೀಟರು. ಭಾಗಿಸಿ."

"ಮೂರು ಪಾಯಿಂಟ್ ಎಂಟು," ಎಂದರು ಮೇಷ್ಟರು.

"ಬರೆದಿರೋದೂ ಅಷ್ಟೇ. ಇನ್ನೊಂದು, ನನ್ನ ರಿಪೋರ್ಟಿಂದು." ವರ್ನಿಯರ್ ಎರಡನೆಯದರ ಮೇಲೆ ಕೂತಿತು. "ಒಂದು ಪಾಯಿಂಟ್ ಮೂರು. ಇದೂ ಸರಿ."

ಗರ್ಭದೊಳಗಿನ ಮಗುವಿನ ಕತ್ತಿನ ಹಿಂದೆ, ಚರ್ಮದಡಿ ತೆಳುವಾಗಿ ನೀರು ನಿಂತಿರುತ್ತದೆ. ಸ್ಕ್ಯಾನಿನಲ್ಲಿ ಅದು ಕಪ್ಪು ಗೆರೆ. ಹನ್ನೊಂದು ವಾರ ತುಂಬಿದ ಮೇಲೆ, ಹದಿನಾಲ್ಕು ತುಂಬುವ ಮೊದಲು ಅದನ್ನು ಅಳೆಯುತ್ತಾರೆ. ತೆಳುವಿದ್ದರೆ ಅರ್ಧ ಭಾರ ಇಳಿದಂತೆ. ದಪ್ಪವಿದ್ದರೆ ಮಗುವಿನ ವರ್ಣತಂತುಗಳಲ್ಲೋ ಹೃದಯದಲ್ಲೋ ತೊಂದರೆ ಇರಬಹುದೆಂಬ ಸಂಶಯ. ಸಂಶಯ ಅಷ್ಟೇ, ತೀರ್ಪಲ್ಲ. ಈ ಮೂರು ದಿನದಲ್ಲಿ ಮೇಷ್ಟರು ಇಷ್ಟನ್ನು ಓದಿಕೊಂಡಿದ್ದರು.

ಆ ಗೆರೆಯನ್ನು ಅಳೆಯುತ್ತಿದ್ದ ಸ್ಕ್ಯಾನ್ ಡಾಕ್ಟರು ಕ್ಲಿನಿಕ್ಕಿನಿಂದ ಕಾಣೆಯಾಗಿ ಹನ್ನೊಂದು ದಿನ. ಆಕೆಯ ಅಣ್ಣ, ಕನ್ನಡಕದ ಅಂಗಡಿಯವನು, ಹುಡುಕಿಕೊಡಿ ಎಂದು ಮೇಷ್ಟರ ಕೈಹಿಡಿದು ಅತ್ತಿದ್ದ. ಆಕೆಯ ಮೇಜಿನ ಡ್ರಾಯರಿನಲ್ಲಿ ಸಿಕ್ಕದ್ದು ಹೆಸರು, ತಾರೀಕು ಇರುವ ಮೇಲಂಚನ್ನು ಕತ್ತರಿಸಿದ ಈ ಮೂರು ಪಾಯಿಂಟ್ ಎಂಟರ ಚಿತ್ರ, ಅದಕ್ಕೆ ಪಿನ್ ಹಾಕಿದ ಒಂದು ಚೀಟಿ. ಚೀಟಿಯಲ್ಲಿರುವುದು ಆಕೆಯದೇ ಅಕ್ಷರವೆಂದು ಅಣ್ಣ ಹೇಳಿದ್ದ: "೪೧೭, ೪೧೯. ಒಂದೇ ಚಿತ್ರ!"

ಕ್ಲಿನಿಕ್ಕು ಕೊಟ್ಟ ಸ್ಕ್ಯಾನ್ ಸಂಖ್ಯೆ ನಾನೂರ ಹದಿನೇಳು ಈ ವರ್ನಿಯರಕ್ಕನದು.

"ಎರಡು ಅಳತೆಯೂ ಸುಳ್ಳಲ್ಲ ಮೇಷ್ಟ್ರೇ," ಎಂದಳು ಅವಳು. ದನಿ ಗಟ್ಟಿಯಿತ್ತು. ವರ್ನಿಯರನ್ನು ಒರೆಸಿ ಡಬ್ಬಿಗೆ ಹಾಕಿದಳು. "ಯಾವ ತುಂಡು ಯಾರದ್ದು ಅನ್ನೋದು ಸುಳ್ಳು. ಅವತ್ತು ಆ ಡಾಕ್ಟ್ರು ನನಗೆ ಮೂರು ಸಲ ಅಳೆದ್ರು. ಮಾತೇ ಆಡ್ಲಿಲ್ಲ. ಈ ದಪ್ಪ ಗೆರೆ ನನ್ನ ಮಗೂದೇ ಇರ್ಬಹುದು, ಅಲ್ವಾ?"

ಮೇಷ್ಟರು ಭೂತಗನ್ನಡಿ ಕೈಗೆತ್ತಿಕೊಂಡರು. ಮೂವತ್ತು ವರ್ಷ ಪೊಲೀಸ್ ತರಬೇತಿ ಶಾಲೆಯಲ್ಲಿ ಬೆರಳಚ್ಚು ಕಲಿಸಿದವರು. ಗೊತ್ತಿಲ್ಲದ್ದನ್ನು ಸಮಾಧಾನಕ್ಕೆಂದು ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಮೊಮ್ಮಗಳು ಹುಟ್ಟಿದಾಗಲೂ ಮುಖಕ್ಕಿಂತ ಮೊದಲು ಹೆಬ್ಬೆರಳು ನೋಡಿದರೆಂದು ಅವರ ಹೆಂಡತಿ ಇಂದಿಗೂ ಆಡಿಕೊಳ್ಳುತ್ತಾಳೆ.

ಭೂತಗನ್ನಡಿಯಲ್ಲಿ ಎರಡು ಚಿತ್ರಗಳನ್ನೂ ಮತ್ತೆ ನೋಡಿದರು. ಮಗುವಿನ ಭಂಗಿ ಬಿಟ್ಟರು. ಮಗು ಕ್ಷಣಕ್ಕೊಮ್ಮೆ ಹೊರಳುತ್ತದೆ. ಸುತ್ತಲಿನದನ್ನು ನೋಡಿದರು. ತೆಳುಗೆರೆಯ ಚಿತ್ರದಲ್ಲಿ ಮೇಲಂಚಿಗೆ ಬೂದುಬಣ್ಣದ ದಪ್ಪ ಹೊದಿಕೆಯಂಥದೇನೋ ಇತ್ತು. ದಪ್ಪಗೆರೆಯದರಲ್ಲಿ ಅದೇ ಹೊದಿಕೆ ಕೆಳಂಚಿಗೆ. ಅದೇನೆಂದು ಅವರಿಗೆ ಗೊತ್ತಾಗಲಿಲ್ಲ. ಪುಸ್ತಕದಲ್ಲಿ ಗುರುತು ಹಾಕಿಕೊಂಡರು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗಿನ ತುದಿಯನ್ನು ಹಿಂಡುತ್ತಿದ್ದರು.

"ಅಮ್ಮಾ, ನೀವು ಏನೋ ಹೇಳ್ಬೇಕು ಅಂತ ಆಗಿನಿಂದ ನಿಂತಿದ್ದೀರಿ," ಎಂದರು ಮೇಷ್ಟರು.

"ನಾನೇನು ಹೇಳ್ಲಿ? ನನಗೇನು ಗೊತ್ತು?"

"ಅತ್ತೆ!" ಸೊಸೆ ತಿರುಗಿದಳು.

ಅತ್ತೆಯ ಕಣ್ಣಲ್ಲಿ ನೀರು ಬಂತು. "ಒಂದು ಫೋನು ಬಂದಿತ್ತು ಕಣೇ. ಹೋದ ವಾರ. ನೀನು ಡ್ಯೂಟೀಲಿದ್ದೆ. 'ಕ್ಲಿನಿಕ್ಕಿಂದ, ನಿಮ್ಮ ಸೊಸೆ ರಿಪೋರ್ಟು ವಾಪಸ್ ತಂದ್ಕೊಡಿ, ಬೇರೆ ಕೊಡ್ತೀವಿ' ಅಂದ್ರು. ಯಾಕೆ ಅಂದೆ. ಹೇಳ್ಲಿಲ್ಲ. ನಿನಗೆ ಹೇಳಿದ್ರೆ ಹೆದರ್ತೀಯ ಅಂತ ಹೊಟ್ಟೇಲಿಟ್ಕೊಂಡೆ."

"ಗಂಡಸಾ, ಹೆಂಗಸಾ?" ಮೇಷ್ಟರು ಕೇಳಿದರು.

"ಹೆಂಗಸು. ಮೆತ್ತಗೆ, ಪಿಸುಗುಟ್ಟೋ ಹಂಗೆ. ಪಕ್ಕದಲ್ಲಿ ಯಾರಾದ್ರೂ ಕೇಳಿಸ್ಕೊಂಡಾರು ಅನ್ನೋ ಹಂಗೆ."

ಮೇಷ್ಟರು ಎದ್ದರು. "ಈ ಅಳತೆಗೆ ಇನ್ನೆರಡೇ ದಿನ ಉಳಿದಿದೆ. ಕಾರ್ಖಾನೇಲಿ ತುಂಡು ಅದಲುಬದಲಾದ್ರೆ ಏನ್ ಮಾಡ್ತೀರಮ್ಮಾ?"

"ಮತ್ತೆ ಅಳೀತೀವಿ. ಬೇರೆ ಕೈಲಿ, ಬೇರೆ ಮೆಷೀನಲ್ಲಿ."

"ಹಾಗಾದ್ರೆ ಇವತ್ತು ಮಧ್ಯಾಹ್ನ ಮೂರಕ್ಕೆ ದೊಡ್ಡಾಸ್ಪತ್ರೆ ಸ್ಕ್ಯಾನ್ ವಿಭಾಗಕ್ಕೆ ಬನ್ನಿ. ಹೇಳಿಟ್ಟಿದ್ದೀನಿ. ಅಲ್ಲೀವರೆಗೂ ಈ ರಿಪೋರ್ಟು ಯಾರು ಕೇಳಿದ್ರೂ ಕೊಡ್ಬೇಡಿ."

ಬೀದಿಗಿಳಿಯುತ್ತಿದ್ದಂತೆ ಮೇಷ್ಟರ ಫೋನು ಗುಂಯ್‌ಗುಟ್ಟಿತು. ಕನ್ನಡಕದ ಅಂಗಡಿಯವನು.

"ನಾನೂರ ಹದಿನೇಳರ ಮನೇಲಿ ಏನು ಗೊತ್ತಾಯ್ತು ಮೇಷ್ಟ್ರೇ? ನನ್ನ ತಂಗಿ ಬಗ್ಗೆ ಏನಾದ್ರೂ..."

"ಇನ್ನೂ ಇಲ್ಲಪ್ಪ. ಕ್ಲಿನಿಕ್ಕಿಗೆ ಹೋಗ್ತಿದ್ದೀನಿ."

"ನಾನೂರ ಹತ್ತೊಂಬತ್ತು ಯಾರು ಅಂತ ಗೊತ್ತಾದ್ರೆ ತಕ್ಷಣ ಫೋನ್ ಮಾಡ್ತೀರಲ್ಲ?"

ದುಃಖದಲ್ಲಿರುವವನ ಆತುರವೆಂದು ಮೇಷ್ಟರು ಹೂಂಗುಟ್ಟಿದರು.

*

ಕ್ಲಿನಿಕ್ಕಿನ ದಾಖಲೆ ಕೋಣೆಯನ್ನು ನೋಡಿಕೊಳ್ಳುತ್ತಿದ್ದವಳು ಮಾಲೀಕರಾದ ದೊಡ್ಡ ಡಾಕ್ಟರ ಸೊಸೆ. ಮೂವತ್ತರ ಆಸುಪಾಸು. ತೂಕವಿಟ್ಟಂತೆ ಮಾತು, ಸಡಿಲವಾದ ಬಿಳಿ ಕೋಟು. ದಾಖಲೆ ನೋಡಲು ಪೊಲೀಸ್ ಠಾಣೆ ಕೊಟ್ಟ ಚೀಟಿಯನ್ನು ಮೇಷ್ಟರು ತೋರಿಸಿದಾಗ ಅದನ್ನು ಎರಡು ಸಲ ಓದಿದಳು.

"ಆ ದಿನದ ರಿಜಿಸ್ಟರು ಹಿಂದಿನ ಬೀರುವಿನಲ್ಲಿದೆ ಸರ್. ಎಕ್ಸ್‌ರೇ ಕೋಣೆ ದಾಟಿ ಹೋಗ್ಬೇಕು." ತಡೆದು, ನೆಲ ಒರೆಸುತ್ತಿದ್ದ ಆಯಾಳನ್ನು ಕರೆದಳು. "ಆಯಾ, ನೀಲಿ ರಟ್ಟಿನದು ತಂದ್ಕೊಡಿ."

"ಮೂರು ವಾರದಿಂದ ಅತ್ಲಾಗೆ ಕಾಲೇ ಇಡಲ್ಲ ಈ ತಾಯಿ," ಆಯಾ ಬಕೆಟ್ಟು ಬದಿಗಿಟ್ಟು ಗೊಣಗಿದಳು. "ಅಲ್ಲೇನು ಹುಲಿ ಕೂತಿದ್ಯಾ?"

ರಿಜಿಸ್ಟರು ಬಂತು. ನಾನೂರ ಹತ್ತೊಂಬತ್ತರ ಸಾಲಿನಲ್ಲಿ ಒಂದು ಹೆಸರಿತ್ತು. ವಿಳಾಸ ಖಾಲಿ, ಫೋನು ಖಾಲಿ. 'ಕಳಿಸಿದವರು' ಎಂಬ ಕಲಂನಲ್ಲಿ ಬೇರೆ ಎಲ್ಲ ಸಾಲುಗಳಿಗೂ ಯಾವುದೋ ಡಾಕ್ಟರ ಹೆಸರು. ಇದಕ್ಕೆ ಮಾತ್ರ ಒಂದೇ ಪದ: ಮನೆ.

"ಮನೆ ಅಂದ್ರೆ?"

"ಯಾರ ಚೀಟೀನೂ ಇಲ್ದೆ ಮನೆಯಿಂದ ನೇರ ಬಂದವರು ಸರ್," ಎಂದಳು ಸೊಸೆ. ರೆಪ್ಪೆ ಅಲುಗಲಿಲ್ಲ.

"ರಿಪೋರ್ಟಿನ ಪ್ರತಿ?"

"ಮಾವನವರ ಹತ್ರ ಇದೆ. ಪ್ರತಿ ಶನಿವಾರ ಎಲ್ಲಾ ಅವರೇ ನೋಡ್ತಾರೆ. ಮೂರು ದಾಟಿದ ಅಳತೆ ಇದ್ರೆ ಆ ಹೆಂಗಸನ್ನ ಅವರೇ ಕರೆಸಿ ಮಾತಾಡ್ತಾರೆ." ಮಾತು ಮುಗಿಸುವಷ್ಟರಲ್ಲಿ ಅವಳ ದನಿ ಪಿಸುಮಾತಿಗೆ ಇಳಿದಿತ್ತು.

ದೊಡ್ಡ ಡಾಕ್ಟರು ಸ್ಕ್ಯಾನ್ ಕೋಣೆಯಲ್ಲೇ ಕೂತಿದ್ದರು. ಪರದೆ ಎಳೆದಿತ್ತು. ಮೆಷೀನಿನ ಹಸಿರು ದೀಪವೊಂದು ಮಿನುಗುತ್ತಿತ್ತು. ನಗು ಮುಖ, ಅಗಲ ಹೆಗಲು.

"ಬನ್ನಿ ಬನ್ನಿ, ಬೆರಳಚ್ಚು ಮೇಷ್ಟ್ರು! ನಮ್ಮ ಮೆಷೀನಿನ ಮೇಲೆ ಯಾರ್ಯಾರ ಬೆರಳಿದೆ ಅಂತ ನೋಡ್ತೀರೋ?"

"ಬೆರಳು ಎಲ್ಲರದ್ದೂ ಇರುತ್ತೆ ಡಾಕ್ಟ್ರೇ. ನನಗೆ ಬೇಕಿರೋದು ನಾನೂರ ಹತ್ತೊಂಬತ್ತು."

ಅವರು ಕಡತ ತೆಗೆದು ಮುಂದಿಟ್ಟರು. ಮೇಷ್ಟರು ವರ್ನಿಯರಕ್ಕನ ರಿಪೋರ್ಟಿನ ಛಾಯಾಪ್ರತಿಯನ್ನು ಪಕ್ಕದಲ್ಲಿಟ್ಟು ಭೂತಗನ್ನಡಿ ಹಿಡಿದರು. ಅದೇ ಗಲ್ಲ, ಅದೇ ಮೂಗಿನ ಬಿಳಿ ಚುಕ್ಕಿ, ಮೇಲಂಚಿನಲ್ಲಿ ಅದೇ ಬೂದು ಹೊದಿಕೆ. ಹೆಸರಿನ ಪಟ್ಟಿ ಮಾತ್ರ ಬೇರೆ.

"ಎರಡು ಗರ್ಭದಲ್ಲಿ ಒಂದೇ ಮಗು. ಇದಕ್ಕೇನಂತೀರಿ?"

ದೊಡ್ಡ ಡಾಕ್ಟರ ನಗು ಸ್ವಲ್ಪ ಹೊತ್ತು ಮುಖದಲ್ಲೇ ಉಳಿದಿತ್ತು, ಮನೆ ಖಾಲಿಯಾದ ಮೇಲೂ ಉಳಿದ ಬಾಗಿಲ ಫಲಕದಂತೆ.

"ಆಕೆ ಮಾಡಿರೋ ಎಡವಟ್ಟು," ಎಂದರು ಕೊನೆಗೆ. "ಕೆಲಸದಲ್ಲಿ ತಪ್ಪಾಯ್ತು, ಮುಖ ತೋರಿಸೋಕಾಗ್ದೆ ಓಡಿಹೋದ್ಲು. ಇಷ್ಟೇ ಪತ್ತೇದಾರಿಕೆ."

"ಮೆಷೀನಿನೊಳಗೆ ಮೂಲ ಚಿತ್ರ ಇರ್ಬೇಕಲ್ಲ?"

"ಅಳಿಸಿದ್ದಾಳೆ. ಅವಳ ಹೆಸರಲ್ಲೇ ದಾಖಲಾಗಿದೆ. ನೋಡಿ ಬೇಕಾದ್ರೆ."

ಮೇಷ್ಟರು ನೋಡಿದರು. ಸ್ಕ್ಯಾನ್ ನಡೆದ ಮರುದಿನ, ಬೆಳಿಗ್ಗೆ ಹನ್ನೊಂದು ಹತ್ತು.

"ಮರುದಿನ ಆಕೆ ಕೆಲಸಕ್ಕೇ ಬಂದಿಲ್ಲ ಡಾಕ್ಟ್ರೇ. ನಿಮ್ಮ ಹಾಜರಿ ಪುಸ್ತಕವೇ ಹೇಳುತ್ತೆ."

ಹಸಿರು ದೀಪ ಮಿನುಗಿತು. ದೊಡ್ಡ ಡಾಕ್ಟರು ಕುರ್ಚಿ ಹಿಂದಕ್ಕೆ ದೂಡಿದರು.

"ನನ್ನ ಮೇಲೆ ಸಂಶಯವೋ?"

"ಕುಂಬಳಕಾಯಿ ಕಳ್ಳ ಅಂತ ನಾನಿನ್ನೂ ಅಂದಿಲ್ಲ. ನೀವಾಗ್ಲೇ ಹೆಗಲು ಮುಟ್ಕೊಳ್ತಿದ್ದೀರಿ."

"ಮೇಷ್ಟ್ರೇ, ನಾನು ಮುಚ್ಚಿಡೋ ಜಾತಿಯವನಲ್ಲ. ಇದ್ದದ್ದನ್ನ ಮುಖಕ್ಕೆ ಹೇಳೋನು. ಮೂರು ಪಾಯಿಂಟ್ ಎಂಟು ಬಂತು ಅನ್ನಿ. ಇನ್ನೊಂದು ಪರೀಕ್ಷೆ, ಮತ್ತೊಂದು ಪರೀಕ್ಷೆ ಅಂತ ಅಲೆದು, ಅತ್ತು, ಯಾಕೆ? ನಾನು ಹೇಳೋದು ಒಂದೇ ಮಾತು. ತೆಗೆಸ್ಬಿಡಿ. ಇನ್ನೂ ವಯಸ್ಸಿದೆ, ಮತ್ತೆ ಆಗುತ್ತೆ."

"ಆ ಮಗು ಚೆನ್ನಾಗೇ ಇರೋ ಸಾಧ್ಯತೆಯೂ ಇರುತ್ತಂತಲ್ಲ?"

"ಇರುತ್ತೆ. ಆದ್ರೆ ಇರ್ಬಹುದು, ಇರದೇನೂ ಇರ್ಬಹುದು ಅನ್ನೋದ್ರ ಮೇಲೆ ಸಂಸಾರ ಕಟ್ಟೋಕಾಗಲ್ಲ. ಹೊರಗಿನವರಿಗೊಂದು, ಮನೆಯವರಿಗೊಂದು ಅಂತ ನನ್ನ ಹತ್ರ ಇಲ್ಲ. ನನ್ನ ಮನೇಲಾದ್ರೂ ಇದನ್ನೇ ಹೇಳ್ತೀನಿ." ಕಡತ ಮುಚ್ಚುತ್ತಾ ಸೇರಿಸಿದರು, "ಹೇಳಿದ್ದೀನಿ ಕೂಡ."

ಬಾಗಿಲ ಬಳಿ ಏನೋ ಜಾರಿದ ಸದ್ದಾಯಿತು. ಸೊಸೆ ಬಗ್ಗಿ ನೆಲಕ್ಕೆ ಬಿದ್ದ ಕಡತ ಎತ್ತಿಕೊಳ್ಳುತ್ತಿದ್ದಳು. ಒಂದು ಕೈಯನ್ನು ಮೇಜಿಗೆ ಆನಿಸಿ, ಬಹಳ ನಿಧಾನವಾಗಿ.

"ಏನಮ್ಮಾ?" ಎಂದರು ಮಾವ, ಮೆತ್ತಗೆ.

"ಏನಿಲ್ಲ ಮಾವ. ಸಹಿ ಬೇಕಿತ್ತು. ಆಮೇಲೆ ಬರ್ತೀನಿ."

ದೊಡ್ಡ ಡಾಕ್ಟರು ಮೇಷ್ಟರ ಕಡೆ ತಿರುಗಿದರು. "ಆ ನಾನೂರ ಹದಿನೇಳನ್ನ ನಾಳೆ ನನ್ನ ಹತ್ರ ಕಳ್ಸಿ. ಪಾಪ, ದಪ್ಪಗೆರೆ ಅವರದ್ದೇ ಇರ್ಬೇಕು. ಏನು ಮಾಡ್ಬೇಕು ಅಂತ ನಾನು ಹೇಳ್ತೀನಿ."

ಇಷ್ಟು ಖಚಿತವಾಗಿ ಹೇಳಲು ಇವರಿಗೆ ಹೇಗೆ ಗೊತ್ತು? ಮೇಷ್ಟರು ಈ ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆದುಕೊಂಡರು. ಗಡಿಯಾರ ನೋಡಿಕೊಂಡು ಎದ್ದರು.

*

ದೊಡ್ಡಾಸ್ಪತ್ರೆಯ ಸ್ಕ್ಯಾನ್ ಡಾಕ್ಟರು ಸಣ್ಣ ಮೈಕಟ್ಟಿನ, ಕಡಿಮೆ ಮಾತಿನ ಹೆಂಗಸು. ವರ್ನಿಯರಕ್ಕನನ್ನು ಮಲಗಿಸಿ, ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿದರು. ಅತ್ತೆ ತಲೆಯ ಬಳಿ ನಿಂತು ಸೊಸೆಯ ಕೈ ಹಿಡಿದಿದ್ದರು. ಮೇಷ್ಟರು ಪರದೆಯ ಆಚೆ, ಗೋಡೆಗೆ ಹಾಕಿದ್ದ ಇನ್ನೊಂದು ತೆರೆಯ ಮುಂದೆ ಕೂತಿದ್ದರು. ಅವರೂ ನೋಡಲಿ ಎಂದವಳು ವರ್ನಿಯರಕ್ಕನೇ.

ಬೂದು ಕತ್ತಲಲ್ಲಿ ಮಗು ಕಂಡಿತು. ಕಾಲು ಝಾಡಿಸಿತು.

"ಉದ್ದ ಎಪ್ಪತ್ತೇಳು ಮಿಲಿಮೀಟರು. ಎಂಬತ್ತನಾಲ್ಕು ದಾಟಿದ್ರೆ ಈ ಅಳತೆ ತಗೊಳ್ಳೋ ಹಾಗಿಲ್ಲ. ಸರಿಯಾದ ಹೊತ್ತಿಗೆ ಬಂದಿದ್ದೀರಿ."

ತಲೆ ಮತ್ತು ಎದೆ ಮಾತ್ರ ತೆರೆ ತುಂಬುವಂತೆ ಚಿತ್ರ ದೊಡ್ಡದಾಯಿತು. ಮಗು ಗಲ್ಲವನ್ನು ಎದೆಗೆ ಒತ್ತಿಕೊಂಡಿತ್ತು.

"ಹೀಗಿದ್ರೆ ಆಗಲ್ಲ. ಕತ್ತು ಬಗ್ಗಿದ್ರೆ ಗೆರೆ ತೆಳುವಾಗಿ ಕಾಣುತ್ತೆ, ಎತ್ತಿದ್ರೆ ದಪ್ಪ. ನೇರ ಬರೋತನಕ ಕಾಯ್ಬೇಕು. ಒಂದ್ಸಲ ಕೆಮ್ಮಿ."

ಕೆಮ್ಮಿದಳು. ಮಗು ಬೆನ್ನು ತಿರುಗಿಸಿತು.

"ಹಠಮಾರಿ," ಎಂದರು ಅತ್ತೆ ಅಳುನಗುವಿನಲ್ಲಿ. "ಅಪ್ಪನ ಹಂಗೇ. ಕರೆದ ಕಡೆ ಬರಲ್ಲ."

ಹತ್ತು ನಿಮಿಷ. ಎಡಕ್ಕೆ ಹೊರಳಿಸಿದರು, ಎಬ್ಬಿಸಿ ನಡೆದಾಡಿಸಿದರು, ಮತ್ತೆ ಮಲಗಿಸಿದರು. ಕೊನೆಗೆ ಮಗು ಯಾರನ್ನೋ ನೋಡಬೇಕೆಂಬಂತೆ ಮುಖ ನೇರ ಮಾಡಿತು. ಡಾಕ್ಟರು ಚಿತ್ರವನ್ನು ನಿಲ್ಲಿಸಿದರು. ಎರಡು ಬಿಳಿ ಅಂಚುಗಳ ನಡುವಿನ ಕಪ್ಪಿಗೆ, ಅಗಲವಾದ ಕಡೆ, ಒಂದೊಂದು ಪುಟ್ಟ ಅಡ್ಡಗುರುತು ಇಟ್ಟರು. ಮಾತಿಲ್ಲ. ಮತ್ತೊಂದು ಸಲ. ಮತ್ತೊಂದು.

"ಯಾಕೆ ಮಾತಾಡ್ತಿಲ್ಲ ಡಾಕ್ಟ್ರೇ?" ವರ್ನಿಯರಕ್ಕನ ದನಿ ಒಡೆದಿತ್ತು.

"ಅಳೆಯೋವಾಗ ನೀವು ಮಾತಾಡ್ತೀರೇನು? ಮೂರು ಸಲ ಅಳೆದು, ಹೆಚ್ಚು ಬಂದದ್ದನ್ನೇ ಬರ್ಕೊಳ್ತೀವಿ. ಒಂದು ಪಾಯಿಂಟ್ ಆರು. ಈ ಉದ್ದಕ್ಕೆ ಇದು ಸರಿಯಾಗೇ ಇದೆ. ರಕ್ತಪರೀಕ್ಷೆಯೂ ಬರಲಿ, ಎರಡೂ ಸೇರಿಸಿ ನೋಡೋಣ. ಈಗ ಅಳೋ ಕಾರಣ ಏನೂ ಇಲ್ಲ."

ಅಳಬೇಡಿ ಎಂದರೂ ಅತ್ತೆ ಸೊಸೆ ಇಬ್ಬರೂ ಅತ್ತರು.

ಮೇಷ್ಟರು ಪರದೆಯಾಚೆಯಿಂದ ಕೇಳಿದರು. "ಹನ್ನೆರಡು ದಿನದ ಹಿಂದೆ ಮೂರು ಪಾಯಿಂಟ್ ಎಂಟಿದ್ದದ್ದು ಈಗ ಇಳಿದಿರಬಹುದಾ?"

"ಒಮ್ಮೊಮ್ಮೆ ಇಳಿಯುತ್ತೆ. ಬರೀ ಅಂಕಿ ನೋಡಿ ನಾನು ಆಣೆ ಇಡಲ್ಲ."

"ಹಾಗಾದ್ರೆ ಇದೇನು ಹೇಳಿ. ಈ ಬೂದು ಹೊದಿಕೆ." ಎರಡೂ ಚಿತ್ರಗಳನ್ನು ಚಾಚಿದರು.

ಆಕೆ ಕನ್ನಡಕ ಏರಿಸಿಕೊಂಡು ನೋಡಿದರು. "ಮಾಸು, ಪ್ಲಾಸೆಂಟಾ. ಇದರಲ್ಲಿ ಗರ್ಭಕೋಶದ ಮುಂಗೋಡೆಗೆ ಅಂಟಿದೆ, ಇದರಲ್ಲಿ ಹಿಂಗೋಡೆಗೆ. ಹನ್ನೆರಡು ದಿನದಲ್ಲಿ ಅದು ಗೋಡೆ ಬದಲಾಯಿಸಲ್ಲ. ಇವರದ್ದು ಮುಂದಿದೆ." ಬೆರಳು ತೆಳುಗೆರೆಯ ಚಿತ್ರದ ಮೇಲೆ ನಿಂತಿತು. "ಇದು ಇವರದ್ದೇ ಇರ್ಬಹುದು. ದಪ್ಪಗೆರೆಯದು ಇವರದ್ದಲ್ಲವೇ ಅಲ್ಲ."

ಮೇಷ್ಟರಿಗೆ ತಾವು ಮೂರು ದಿನ ತಲೆಕೆಳಗಾಗಿ ಓದುತ್ತಿದ್ದ ಪುಟ ನೆಟ್ಟಗಾಯಿತು.

ಕದ್ದ ಚಿತ್ರ ಅಂಟಿಸಿದ್ದು ವರ್ನಿಯರಕ್ಕನ ರಿಪೋರ್ಟಿಗಲ್ಲ, ಕದ್ದದ್ದೇ ಅವಳ ರಿಪೋರ್ಟಿನಿಂದ! ಅವಳ ಮಗುವಿನ ಚಿತ್ರವನ್ನು ನಾನೂರ ಹತ್ತೊಂಬತ್ತಕ್ಕೆ ಅಂಟಿಸಿದ್ದರು. ಮೂರು ಪಾಯಿಂಟ್ ಎಂಟು ನಾನೂರ ಹತ್ತೊಂಬತ್ತರದ್ದು. ಶನಿವಾರ ದೊಡ್ಡ ಡಾಕ್ಟರ ಕಣ್ಣಿಗೆ ಬೀಳಬಾರದೆಂದು, ಅವರು ಕರೆಸಿ ಆ ಒಂದೇ ಮಾತು ಹೇಳಬಾರದೆಂದು.

ಅವರ ಮಾತಿಗೆ ಇಷ್ಟು ಹೆದರುವವರು ಯಾರು? ಹಿಂದೊಮ್ಮೆ ತಮ್ಮದೇ ಬಸಿರಿಗೆ ಅದನ್ನು ಕೇಳಿಸಿಕೊಂಡವರು. 'ಮನೆ'ಯವರು. ಬಸುರಿಗೆ ಆಗದೆಂದು ಮೂರು ವಾರದಿಂದ ಎಕ್ಸ್‌ರೇ ಕೋಣೆಯತ್ತ ಕಾಲಿಡದವಳು, ದೊಡ್ಡ ಡಾಕ್ಟರ ಸೊಸೆ.

ಬಸುರಿಯ ಗುಟ್ಟು. ಅದನ್ನು ದೊಡ್ಡ ಡಾಕ್ಟರಿಗೆ ತಾವು ಹೇಳುವುದಿಲ್ಲವೆಂದು ಮೇಷ್ಟರು ಆಸ್ಪತ್ರೆಯ ಮೆಟ್ಟಿಲಿಳಿಯುವಾಗಲೇ ತೀರ್ಮಾನಿಸಿದರು. ಆದರೆ ಕ್ಲಿನಿಕ್ಕಿನ ಸ್ಕ್ಯಾನ್ ಡಾಕ್ಟರು ಈ ಅದಲುಬದಲನ್ನು ಕಂಡುಹಿಡಿದ ಮರುದಿನವೇ ಕಾಣೆಯಾಗಿದ್ದರು. ಗುಟ್ಟು ಕಾಯಲು ಆ ಮೆತ್ತಗಿನ ದನಿಯವಳು ಎಲ್ಲಿಯವರೆಗೆ ಹೋಗಿರಬಹುದು?

ಕ್ಲಿನಿಕ್ಕು ತಲುಪಿದಾಗ ನಾಲ್ಕೂವರೆ. ದಾಖಲೆ ಕೋಣೆಗೆ ಬೀಗ. ಗೇಟಿನ ಬಳಿ ಆಯಾ ಒದ್ದೆ ಬಟ್ಟೆ ಹರವುತ್ತಿದ್ದಳು.

"ಸೊಸೆಯವರು?"

"ಈಗ ತಾನೇ ಹೋದ್ರು. ಅರ್ಧ ಗಂಟೆಯೂ ಆಗಿಲ್ಲ. ದೊಡ್ಡೋರು ಆಪರೇಷನ್ನಲ್ಲಿದ್ರು, ಹೇಳೂ ಇಲ್ಲ." ಆಯಾ ಅತ್ತಿತ್ತ ನೋಡಿ ಹತ್ತಿರ ಬಂದಳು. "ಮೇಷ್ಟ್ರೇ, ನೀವು ಹುಡುಕ್ತಿದ್ದೀರಲ್ಲ, ನಮ್ಮ ಸ್ಕ್ಯಾನಮ್ಮ? ಅವರೇ ಬಂದು ಸೊಸೆಯೋರನ್ನ ಕರ್ಕೊಂಡು ಹೋದದ್ದು."

"ಕಣ್ಣಾರೆ ನೋಡಿದ್ಯಾ?"

"ಈ ಎರಡು ಕಣ್ಣಲ್ಲಿ. ಕಾರಿಂದ ಇಳಿದ್ರು, ರಟ್ಟೆ ಹಿಡಿದ್ರು, ಹತ್ತಿಸಿದ್ರು. ಒಲಿಸಿ ಹತ್ತಿಸಿದ್ರೋ ಎಳೆದು ಹತ್ತಿಸಿದ್ರೋ, ಅದು ಮಾತ್ರ ನನಗೆ ತಿಳೀಲಿಲ್ಲ."

"ಕಾರು ಓಡಿಸ್ತಿದ್ದದ್ದು ಯಾರು?"

"ಇನ್ಯಾರು? ಸ್ಕ್ಯಾನಮ್ಮನ ಅಣ್ಣ. ಕನ್ನಡಕದಂಗಡಿಯೋರು."

ಮೇಷ್ಟರ ಅಂಗೈಯಲ್ಲಿದ್ದ ಫೋನು ಅದೇ ಹೊತ್ತಿಗೆ ಗುಂಯ್‌ಗುಟ್ಟಿತು. ಅವನದೇ ಹೆಸರು.

"ಮೇಷ್ಟ್ರೇ, ನನ್ನ ತಂಗಿ ಸುದ್ದಿ ಏನಾದ್ರೂ ಸಿಕ್ತಾ?"

"ಇಲ್ಲಪ್ಪ," ಎಂದರು ಮೇಷ್ಟರು. ಆ ಸುಳ್ಳು ನಾಲಿಗೆಗೆ ಒರಟಾಗಿ ತಾಗಿತು. "ನೀನೆಲ್ಲಿದ್ದೀ?"

"ಎಲ್ಲಿರ್ತೀನಿ, ಅಂಗಡೀಲೇ. ಗಿರಾಕಿ ಕೂತಿದ್ದಾರೆ..."

ಅವನ ಮಾತಿನ ಹಿಂದೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ಬೆಳಿಗ್ಗೆ ಪಿಸುಮಾತಿಗಿಳಿದಿದ್ದ ದೊಡ್ಡ ಡಾಕ್ಟರ ಸೊಸೆಯ ದನಿ ಈಗ ಗಂಟಲು ಹರಿಯುವಂತೆ ಕೂಗಿತು.

"ಮೇಷ್ಟ್ರೇ, ಇವರ ಮಾತು ನಂಬಬೇಡಿ! ಆ ಚೀಟಿ ಬರೆದದ್ದು..."

ಫೋನು ಕಟ್ಟಾಯಿತು.